ಪಾಳಿಯಿಲ್ಲದ ದಿನದ ನೀರು

ಹುಬ್ಬಳ್ಳಿ-ಧಾರವಾಡ ಮೊದಲೇ ಅವಳಿ ನಗರ. ಅದಕ್ಕೆ ಇನ್ನೊಂದು ಅವಳಿಯನ್ನು ಕಂಪ್ಯೂಟರಿನೊಳಗೆ ಹುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನೀರು ಪೂರೈಕೆಯ ಕಚೇರಿಯಲ್ಲಿ ಎಂಜಿನಿಯರ್ ಆಗಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಡಿಜಿಟಲ್ ಟ್ವಿನ್ ಅಂದರೆ ಏನೆಂದು ಮನೆಯಲ್ಲಿ ಕೇಳಿದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ನೆಲದೊಳಗಿರುವ ಪ್ರತಿಯೊಂದು ಪೈಪು, ವಾಲ್ವು, ಟಾಕಿ ತೆರೆಯ ಮೇಲೂ ಇರುತ್ತದೆ. ನೆಲದೊಳಗೆ ನೀರು ಹರಿದರೆ ಇಲ್ಲೂ ಹರಿಯುತ್ತದೆ, ಅಲ್ಲಿ ಒತ್ತಡ ಇಳಿದರೆ ಇಲ್ಲಿ ಗೆರೆಯ ಬಣ್ಣ ಬದಲಾಗುತ್ತದೆ. ರಸ್ತೆ ಅಗೆಯದೆ ಪೈಪಿನ ಹೊಟ್ಟೆನೋವು ತಿಳಿಯುವ ಉಪಾಯ.

"ಹಂಗಾದ್ರ ನಮ್ಮ ನಳಾ ಯಾವಾಗ ಬರ್ತೈತಿ ಅಂತ ಅದಕ್ಕ ಗೊತ್ತಾಕ್ಕೈತೇನು?" ಎಂದು ನನ್ನ ಗಂಡ ಕೇಳಿದರು. ಗೊತ್ತಾಗುತ್ತದೆ ಎಂದೆ. "ನಮಗ ಬಂದ್ರ ಸಾಕು, ಅದಕ್ಕ ಗೊತ್ತಾಗದಿದ್ರೂ ನಡೀತೈತಿ" ಎಂದು ಚಹಾದ ಕಪ್ಪು ಎತ್ತಿಕೊಂಡು ಹೊರಗೆ ಹೋದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮಲ್ಲಿ ನೀರು ಬರುವುದು ಪಾಳಿಯ ಪ್ರಕಾರ. ಒಂದು ಓಣಿಗೆ ಒಮ್ಮೆ ನಳ ಬಂದರೆ ಮತ್ತೆ ಬರಲು ಐದಾರು ದಿನ ಬೇಕು. ಅಷ್ಟರೊಳಗೆ ಯಾರಿಗೆ ಏನೇ ಆದರೂ, ಕೊಡಗಳಲ್ಲಿ ತುಂಬಿಟ್ಟದ್ದರಲ್ಲೇ ಆಗಬೇಕು.

ನೆಲದ ಕೆಳಗೆ ಏನಿದೆ ಎಂಬುದು ಮಾತ್ರ ಯಾವ ಕಾಗದದಲ್ಲೂ ಪೂರ್ತಿ ಇರಲಿಲ್ಲ. ಕಚೇರಿಯ ಹಳೆಯ ನಕ್ಷೆಗಳನ್ನು ಬಿಚ್ಚಿದರೆ ಮಡಿಕೆ ಮಡಿಕೆಗೂ ತೂತು. ಉಳಿದದ್ದೆಲ್ಲ ವಾಲ್ವ್‌ಮನ್‌ಗಳ ತಲೆಯಲ್ಲಿತ್ತು. ಧಾರವಾಡದ ಮಾಳಮಡ್ಡಿಯ ಕಡೆಯ ಓಣಿಗಳಿಗೆ ನೀರು ಬಿಡುತ್ತಿದ್ದವರು ನಿವೃತ್ತಿಗೆ ಬಂದಿದ್ದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸಣಕಲು ಮೈ, ಹೆಗಲ ಮೇಲೆ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ. ಎಂಟು ತಿಂಗಳು ನಾನು ಟ್ಯಾಬ್ ಹಿಡಿದು ಅವರ ಹಿಂದೆ ಅಡ್ಡಾಡಿದೆ.

ರಸ್ತೆಯ ನಡುವೆ ಒಂದು ಕಡೆ ನಿಂತು ಚಾವಿಯಿಂದ ನೆಲ ಕುಟ್ಟಿ "ಇಲ್ಲೇ ಐತಿ ನೋಡ್ರಿ" ಎನ್ನುತ್ತಿದ್ದರು. ಅಲ್ಲಿ ಡಾಂಬರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಗೆದರೆ ಎರಡು ಪದರ ಡಾಂಬರಿನ ಕೆಳಗೆ ವಾಲ್ವು ಕೂತಿರುವ ಚೇಂಬರಿನ ಮುಚ್ಚಳ ಸಿಗುತ್ತಿತ್ತು. ಒಂದು ವಾಲ್ವನ್ನು ಬೇವಿನ ಗಿಡದಿಂದ ಒಂಬತ್ತು ಹೆಜ್ಜೆ ಎಂದು ತೋರಿಸಿದರು. ಗಿಡ ಎಲ್ಲಿ ಎಂದು ಕೇಳಿದೆ. "ಗಿಡಾ ಕಡದು ಭಾಳ ವರ್ಷಾತ್ರಿ, ಹೆಜ್ಜಿ ಇನ್ನೂ ಅದಾವಲ್ಲ" ಎಂದರು.

"ಇದು ಹದಿನೆಂಟು ಸುತ್ತಿಂದು. ಹನ್ನೆರಡಕ್ಕ ನಿಂದರಸಬೇಕು. ಪೂರಾ ತಗದ್ರ ಆ ಮೂಲಿ ಮನಿ ಮುಂದಿನ ಜಾಯಿಂಟ್ ಬಿಚ್ಚಿ ಬರ್ತೈತಿ."

ನಾನು ಬರೆದುಕೊಳ್ಳುತ್ತಿದ್ದೆ. ಯಾವ ವಾಲ್ವು ಬಿಗಿ, ಯಾವುದು ಸಡಿಲು, ಎಲ್ಲಿ ಎತ್ತರದ ಮನೆಗಳಿಗೆ ನೀರು ಏರಲು ಕೆಳಗಿನ ಓಣಿಯನ್ನು ಸ್ವಲ್ಪ ಹಿಡಿಯಬೇಕು, ಎಲ್ಲವನ್ನೂ ಒಂದೂ ಬಚ್ಚಿಡದೆ ಹೇಳಿದರು. ಮಧ್ಯಾಹ್ನ ಯಾರದಾದರೂ ಕಟ್ಟೆಯ ಮೇಲೆ ಕೂತು ಅವರ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ಒಮ್ಮೆ ಟ್ಯಾಬಿನ ಕಡೆ ಬೆರಳು ಮಾಡಿ, "ಮೇಡಮ್ಮಾರ, ಇದ್ದದ್ದೆಲ್ಲಾ ಇದಕ್ಕ ಹೇಳಿಕೊಟ್ಟೇನಿ. ನಾಳೆ ಇದು ನನಗ ಬುದ್ಧಿ ಹೇಳಾಕ ಬರಬಾರದು ನೋಡ್ರಿ" ಎಂದರು. ನಾನು ನಕ್ಕುಬಿಟ್ಟೆ.

ಅವಳಿ ಚಾಲೂ ಆದ ದಿನ ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ಊರಿನ ನರಗಳೆಲ್ಲ ನೀಲಿಯಾಗಿ ಬೆಳಗಿದವು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗಂತೂ ಅದರಲ್ಲಿ ಒಂದು ಕುಂದೂ ಕಾಣಲಿಲ್ಲ. ಪಾಳಿಯಿಲ್ಲದ ಓಣಿಯಲ್ಲಿ ನೀರು ಹರಿದರೆ ಆ ಗೆರೆ ಕೆಂಪಾಗುವಂತೆ ಮಾಡಿದ್ದೆ. ಕಾರಣ ಇದ್ದರೆ ವಾಲ್ವ್‌ಮನ್ ತನ್ನ ಮೊಬೈಲಿನಲ್ಲಿ ಆರಿಸಬಹುದು: ಪೈಪ್ ದುರಸ್ತಿ, ಬೆಂಕಿ ಅವಘಡ, ಹಬ್ಬ, ಗಣ್ಯರ ಭೇಟಿ. ಆ ನಾಲ್ಕು ಕಾರಣಗಳನ್ನು ನಾನೇ ಒಂದು ಮಧ್ಯಾಹ್ನ ಕೂತು ಯೋಚಿಸಿ ಹಾಕಿದ್ದೆ. ನಾಲ್ಕರಲ್ಲಿ ಜಗತ್ತೆಲ್ಲ ಬಂತು ಎಂದುಕೊಂಡಿದ್ದೆ.

ಆರು ತಿಂಗಳಾದ ಮೇಲೆ ಕೆಂಪಾದದ್ದನ್ನೆಲ್ಲ ಒಟ್ಟು ಮಾಡಿ ನೋಡಿದೆ. ಕಾಕಾನ ಭಾಗದಲ್ಲಿ ಎಂಟು ಸಲ ಪಾಳಿ ಬಿಟ್ಟು ನೀರು ಹೋಗಿತ್ತು. ಪ್ರತಿ ಸಲ ಬೇರೆ ಓಣಿ, ಪ್ರತಿ ಸಲ ಹಗಲು, ಸುಮಾರು ಒಂದು ತಾಸು. ಕಾರಣದ ಜಾಗ ಖಾಲಿ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈ ಸ್ವಭಾವದಿಂದ ನಾನು ಕಳೆದುಕೊಂಡದ್ದು ಒಂದೆರಡಲ್ಲ. ಆ ಹಾಳೆ ಹಿಡಿದು ಕಚೇರಿಯ ಅಂಗಳಕ್ಕೆ ಹೋದೆ. ಕಾಕಾ ಟಾಕಿಯ ನೆರಳಿನಲ್ಲಿ ಚಾವಿಗೆ ಎಣ್ಣೆ ಒರೆಸುತ್ತಿದ್ದರು.

"ಈ ಎಂಟು ಸಲ ನೀರು ಬಿಟ್ಟಾವರು ಯಾರ್ರಿ ಕಾಕಾ?"

ಅವರು ಹಾಳೆ ನೋಡಲೂ ಇಲ್ಲ. "ನಾನಽ ಬಿಟ್ಟೇನ್ರಿ."

"ಯಾಕ?"

ಎರಡನೆಯ ಸಲ ಕೇಳಿದೆ, ಮೂರನೆಯ ಸಲ ಕೇಳಿದೆ. ಅವರು ಎಣ್ಣೆಯ ಬಟ್ಟೆ ಮಡಚುತ್ತಲೇ ಇದ್ದರು. ಆಗ ನನ್ನ ಬಾಯಿಂದ ಆ ಮಾತು ಬಂತು.

"ಯಾರ ಕಡೆಯಿಂದ ಏನ್ ತೊಗೊಂಡ್ರಿ, ಹೇಳ್ರಿ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಎಂಟು ತಿಂಗಳು ಒಂದೇ ಬುತ್ತಿಯಲ್ಲಿ ಉಂಡವಳು ಇವಳೇನಾ ಎಂದು ಗುರುತು ಹಿಡಿಯುವವರ ಹಾಗೆ ನೋಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಗೊತ್ತಿದ್ದೂ ನಾನು ಒಳಗೆ ಬಂದು, ಉಪ್ಪು ತಿಂದವರು ನೀರು ಕುಡಿಯಲಿ ಎಂದು ವರದಿ ಬರೆದು ಸಾಹೇಬರ ಮೇಜಿಗೆ ಕಳಿಸಿದೆ.

ಸಾಹೇಬರು ಕೆಟ್ಟವರಲ್ಲ, ಆದರೆ ಕಾಗದ ಕಂಡರೆ ಕಾಗದದಿಂದಲೇ ಉತ್ತರ ಕೊಡುವವರು. ಕಾಕಾನಿಗೆ ನೋಟೀಸು ಹೋಯಿತು. ಹತ್ತು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಇಲ್ಲವಾದರೆ ವಿಚಾರಣೆ. ಅವರ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಹೆಸರಿನ ಮೇಲೆ ವಿಚಾರಣೆ ಬಿದ್ದರೆ ಪೆನ್ಶನ್ ತಡೆಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಒಂದು ಸಲವೂ ತಪ್ಪಿಸದೆ ಊರಿಗೆ ನೀರು ಬಿಟ್ಟ ಮನುಷ್ಯ ಕಳ್ಳನೆನಿಸಿಕೊಂಡು ಮನೆಗೆ ಹೋಗಬೇಕಾಗುತ್ತದೆ.

ಮೂರು ದಿನವಾದರೂ ಅವರು ಒಂದಕ್ಷರ ಬರೆದು ಕೊಡಲಿಲ್ಲ. ನನಗೆ ಇನ್ನಷ್ಟು ರೇಗಿತು. ನೀರು ಪಡೆದವರು ಯಾರೆಂದು ಹಿಡಿದೇ ತೀರುತ್ತೇನೆ ಎಂದು ಪಟ್ಟಿ ಹಿಡಿದು ಮಾಳಮಡ್ಡಿಗೆ ಹೊರಟೆ.

ಮೊದಲನೆಯ ಓಣಿಯ ಮೂಲೆಯಲ್ಲಿ ವಿದ್ಯುತ್ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿತ್ತು. ಬಿಸಿಲಿಗೆ ಬಿಳುಚಿದ ಒಬ್ಬ ಯಜಮಾನರ ಮುಖ, ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ತೀರಿಕೊಂಡ ತಾರೀಖು. ಸ್ಕೂಟರ್ ನಿಲ್ಲಿಸಿ ಯಾಕೋ ಪಟ್ಟಿ ತೆಗೆದು ನೋಡಿದೆ. ಅದೇ ತಾರೀಖು.

ಎರಡನೆಯ ಓಣಿಯಲ್ಲಿ ಕಂಬದ ಮೇಲೆ ಏನೂ ಇರಲಿಲ್ಲ. ಒಂದು ಮನೆಯ ಮುಂದೆ ಕಟ್ಟಿಗೆ ಮುಚ್ಚಿದ್ದ ಹಾಳೆ ಕಣ್ಣಿಗೆ ಬಿತ್ತು. ಅದೂ ಅಂಥದೇ ಫ್ಲೆಕ್ಸು. ಕಟ್ಟಿಗೆಯ ಮೇಲಿಂದ ಒಬ್ಬ ತಾಯಿ ನಗುತ್ತಿದ್ದಳು. ತಾರೀಖು ಮಡಿಕೆಯೊಳಗಿತ್ತು. ಆ ಮನೆಯವರ ಒಪ್ಪಿಗೆ ಕೇಳಿ ಮಡಿಕೆ ಬಿಡಿಸಿದೆ. ಅದೂ ಪಟ್ಟಿಯಲ್ಲಿತ್ತು. ಮೂರನೆಯ ಓಣಿಯಲ್ಲಿ ನೀರಿನ ಮಾತೇ ಎತ್ತಲಿಲ್ಲ. ಆ ದಿನ ಇಲ್ಲಿ ಯಾರಾದರೂ ಹೋದರಾ ಎಂದು ಕೇಳಿದೆ. ಸಂಜೆಯ ಹೊತ್ತಿಗೆ ಎಂಟರಲ್ಲಿ ಏಳು ಸಿಕ್ಕವು. ಏಳೂ ಸಾವು.

ನಮ್ಮೂರು ಧಾರವಾಡದ ಹತ್ತಿರದ ಮುಗದ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಪ್ರತಿ ಮನೆಯಿಂದ ಒಂದು ಕೊಡ ನೀರು ಅವರ ಬಾಗಿಲಿಗೆ ಹೋಗುತ್ತಿತ್ತು. ಶವಕ್ಕೆ ಸ್ನಾನ ಆಗಬೇಕು, ಮಣ್ಣು ಕೊಟ್ಟು ಬಂದವರೆಲ್ಲ ಮೈ ತೊಳೆದುಕೊಳ್ಳಬೇಕು, ಮನೆ ಸಾರಿಸಬೇಕು. ಅಳುವ ಮನೆಯವರು ಬಾವಿಗೆ ಹೋಗಬಾರದು ಎಂದು ಅವ್ವ ನನ್ನ ಸೊಂಟಕ್ಕೆ ಕೊಡ ಇಟ್ಟು ಕಳಿಸುತ್ತಿದ್ದಳು. ಮಾತಾಡಬೇಡ, ಇಟ್ಟು ಬಾ ಎನ್ನುತ್ತಿದ್ದಳು. ಇದೆಲ್ಲ ಗೊತ್ತಿದ್ದವಳೇ ನಾನು. ಕಾರಣಗಳ ಪಟ್ಟಿಯಲ್ಲಿ ಗಣ್ಯರ ಭೇಟಿ ಹಾಕಿದವಳೂ ನಾನೇ. ಸ್ಕೂಟರಿನ ಪಕ್ಕ ನಿಂತಿದ್ದ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಎಂಟನೆಯದು ಮಾತ್ರ ಹೊಂದಲಿಲ್ಲ. ಆ ಓಣಿಯಲ್ಲಿ ಆ ತಿಂಗಳು ಯಾರೂ ಸತ್ತಿರಲಿಲ್ಲ. ಅದೊಂದು ಉಳಿದರೆ ಸಾಹೇಬರು ಅದನ್ನೇ ಹಿಡಿಯುತ್ತಾರೆ ಎಂದು ಮರುದಿನ ಮತ್ತೆ ಹೋದೆ. ಕಟ್ಟೆಯ ಮೇಲಿದ್ದ ಹೆಂಗಸರನ್ನು, ಇಂಥ ದಿನ ಇಲ್ಲಿ ಸಾವಾಗಿತ್ತಾ ಎಂದು ಕೇಳಿದೆ. ಒಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಇನ್ನೊಬ್ಬಳು ನನ್ನ ಕೈ ಹಿಡಿದು ಒಂದು ಮನೆಯ ಪಡಸಾಲೆಗೆ ಕರೆದುಕೊಂಡು ಹೋದಳು. ಅಲ್ಲಿ ಹಣೆ ತುಂಬ ವಿಭೂತಿಯ ಮುದುಕಿಯೊಬ್ಬಳು ಮೆಂತ್ಯೆಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದಳು. ವಯಸ್ಸು ತೊಂಬತ್ತರ ಹತ್ತಿರ ಇದ್ದೀತು.

"ಆಯಿ, ಇವರು ಅವತ್ತು ಸತ್ತಾವರು ಯಾರಂತ ಕೇಳಾಕತ್ತಾರ."

"ನಾನಽ," ಎಂದಳು ಆಯಿ, ಸೋಸುವುದನ್ನು ನಿಲ್ಲಿಸದೆ. "ಯಾಕ, ಏನಾಗಬೇಕಿತ್ತು?"

ಕತೆಯನ್ನು ಅವಳ ಸೊಸೆ ಬಿಡಿಸಿ ಹೇಳಿದಳು. ಆ ದಿನ ಮುಂಜಾನೆ ಆಯಿ ಎಷ್ಟು ಕರೆದರೂ ಏಳಲಿಲ್ಲ. ಮೈ ತಣ್ಣಗಿತ್ತು. ಪಕ್ಕದ ಮನೆಯ ಹಿರಿಯರು ಮೂಗಿಗೆ ಬೆರಳಿಟ್ಟು ನೋಡಿ ಹೋದಳು ಎಂದುಬಿಟ್ಟರು. ಯಾರೋ ಕಾಕಾನಿಗೆ ಫೋನು ಮಾಡಿದರು, ನಳ ಬಂತು. ಹೆಂಗಸರು ಕೊಡ ತುಂಬಿ ಆಯಿಯನ್ನು ಬಚ್ಚಲಿಗೆ ಎತ್ತಿ ತಂದು ತಲೆಯ ಮೇಲೆ ಮೊದಲನೇ ತಂಬಿಗೆ ಸುರಿದರು.

"ಅಷ್ಟಕ್ಕ ಕಣ್ಣ ತಗದು ಏನಂದ್ರು ಗೊತ್ತೇನ್ರಿ?" ಸೊಸೆ ಅತ್ತೆಯ ಮುಖ ನೋಡಿದಳು.

"ಮತ್ತೇನ್ ಅನ್ನಬೇಕವಾ?" ಎಂದಳು ಆಯಿ. "ಥಂಡಿ ದಿನದಾಗ ತಣ್ಣೀರ ಸುರೀತಾರ! ನೀರ ಕಾಸಾಕ ನಿಮಗೇನ್ ಧಾಡಿ ಆಗೇತಿ ಅಂದೆ."

ಓಣಿಗೆ ಓಣಿಯೇ ಹೆದರಿ ಓಡಿತಂತೆ. ಡಾಕ್ಟರು ಬಂದಾಗ ಆಯಿ ಚಹಾ ಕುಡಿಯುತ್ತಿದ್ದಳಂತೆ. ತುಂಬಿದ ನೀರು ಚೆಲ್ಲುವುದು ಹೇಗೆ ಎಂದು ಎಲ್ಲರೂ ಅರಿವೆ ಒಗೆದುಕೊಂಡರಂತೆ. ಮರುದಿನ ಕಾಕಾ ಬಂದು ಆಯಿಯ ಕಾಲು ಮುಟ್ಟಿ, ತಪ್ಪಾಯಿತು, ಅವಸರ ಮಾಡಿದೆ ಎಂದು ಬೇಡಿಕೊಂಡರಂತೆ.

"ನಾ ಅವಗ ಹೇಳೇನಿ," ಎಂದಳು ಆಯಿ. "ಇದೊಂದು ಪುಕ್ಕಟ ಹೋತು. ಇನ್ನೊಮ್ಮೆ ಬಿಡಬೇಕಾಕ್ಕೈತಿ, ಮರೀಬ್ಯಾಡ ಅಂತ."

ನಾನು ನಗುತ್ತಲೇ ನೋಟೀಸಿನ ವಿಷಯ, ಅದರ ಗಡುವಿನ ದಿನ ಹೇಳಿದೆ. ಆಯಿಯ ಕೈಯಲ್ಲಿದ್ದ ಮೆಂತ್ಯೆಯ ಕಟ್ಟು ಕೆಳಗಿಳಿಯಿತು. ಆ ವರದಿ ಬರೆದವರು ಯಾರು ಎಂದು ಕೇಳಿದಳು. ನಾನೇ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಬರದ ಕೈಲೇ ಅಳಿಸವಾ ಮತ್ತ" ಎಂದಳು, ಅಷ್ಟೇ.

ಅಲ್ಲಿಂದ ಸೀದಾ ಕಾಕಾನ ಮನೆಗೆ ಹೋದೆ. ಅವರ ಮನೆ ಕೆಲಗೇರಿಯಲ್ಲಿ. ಕೆರೆಯ ದಂಡೆಯ ಮೇಲೆ ಕೂತಿದ್ದಾರೆ ಎಂದು ಮಗಳು ಹೇಳಿದಳು. ಪಕ್ಕದಲ್ಲಿ ಕೂತು, ತಪ್ಪಾಯಿತು ಎಂದೆ. ಹಾಗೆ ಹೇಳಿ ನನಗೆ ರೂಢಿಯಿಲ್ಲ.

"ಬಿಡ್ರಿ ಮೇಡಮ್ಮಾರ."

"ಸಾವಿಗೆ ಬಿಟ್ಟೇನಿ ಅಂತ ಒಂದು ಮಾತು ಯಾಕ ಹೇಳಲಿಲ್ರಿ ಕಾಕಾ? ಎಂಟು ತಿಂಗಳು ಒಂದೊಂದು ಸುತ್ತೂ ಹೇಳಿದ್ರಿ."

"ನೀವು ಪೈಪಿಂದು ಕೇಳಿದ್ರಿ, ಹೇಳಿದೆ. ಇದು ಪೈಪಿಂದಲ್ರಿ, ಮಂದೀದು." ಕೆರೆಯ ಕಡೆ ಮುಖ ತಿರುಗಿಸಿದರು. "ನಮ್ಮಾಕಿ ಹೋದಾಗ ನಮ್ಮ ಓಣ್ಯಾಗ ಪಾಳಿ ಇರಲಿಲ್ಲ. ಮಣ್ಣು ಕೊಟ್ಟು ಮನಿಗೆ ಬಂದು ನೋಡ್ತೇನಿ, ನಳಾ ಬಂದಿತ್ತು. ಈ ಕಡೆ ನೀರ ಬಿಡಾಂವ ಬಿಟ್ಟಿದ್ದ. ಇವತ್ತಿನತನಕ ಅವನೂ ಹೇಳಿಲ್ಲ, ನಾನೂ ಕೇಳಿಲ್ಲ. ನಮ್ಮೊಳಗ ಹಂಗಽ ನಡಕೊಂತ ಬಂದೈತ್ರಿ."

"ಅದನ್ನಽ ಬರದು ಕೊಡ್ರಿ. ನೋಟೀಸು ಹೋಗ್ತೈತಿ."

"ಬರದು ಕೊಟ್ರ ನಾ ಪಾರಾಗ್ತೇನ್ರಿ. ಆದ್ರ ಕಾಗದದಾಗ ಬಂತಂದ್ರ ಸಾಹೇಬ್ರು ಬಂದ್ ಮಾಡಬೇಕಾಕ್ಕೈತಿ. ಊರಾಗಿನ ಅಷ್ಟೂ ವಾಲ್ವ್‌ಮನ್ ಮಂದಿ ಕೈ ಕಟ್ಟಿದಂಗ ಆಗ್ತೈತಿ. ನಾನು ನಾಕ ತಿಂಗಳಿಗೆ ಮನಿಗೆ ಹೋಗಾಂವ. ನನ್ನ ಹೆಸರು ಕೆಟ್ರ ಕೆಡಲಿ ಬಿಡ್ರಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ನನ್ನ ಅವಳಿ ಸುಳ್ಳು ಹೇಳಿರಲಿಲ್ಲ, ಎಂಟು ಸಲವೂ ನಿಜವನ್ನೇ ತೋರಿಸಿತ್ತು. ಅದರ ಕೈಯಲ್ಲಿ ನಾನು ನಾಲ್ಕೇ ಕಾರಣ ಕೊಟ್ಟು ಕೂಡಿಸಿದ್ದೆ.

ಹತ್ತನೆಯ ದಿನ ಕಾಕಾ ಖಾಲಿ ಕೈಯಲ್ಲಿ ಸಾಹೇಬರ ಮುಂದೆ ನಿಂತರು. ನಾನು ನನ್ನ ವರದಿ ವಾಪಸು ಕೊಡಿ ಎಂದು ಕೇಳಿದೆ. "ಹಂಗ ಹೆಂಗ ಬರ್ತೈತಿ ಮೇಡಂ? ಇನ್‌ವರ್ಡ್ ಪುಸ್ತಕದಾಗ ಏರೇತಿ. ಕಾರಣ ಬೇಕು" ಎಂದರು ಸಾಹೇಬರು. ಕಾರಣ ಹೇಳಿದರೆ ಕಾಕಾ ಹೆದರಿದ್ದೇ ಆಗುತ್ತದೆ, ಹೇಳದಿದ್ದರೆ ಕಾಕಾ ಉಳಿಯುವುದಿಲ್ಲ. ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ಸೊಸೆಯ ಹೆಗಲು ಹಿಡಿದು ಆಯಿ ಒಳಗೆ ಬಂದಳು.

"ಸತ್ತಾಕಿ ನಾನ್ರೀ ಸಾಹೇಬ್ರ," ಎಂದಳು. "ಅವನ್ನ ಯಾಕ ಕೇಳ್ತೀರಿ, ನನ್ನ ಕೇಳ್ರಿ."

ಸಾಹೇಬರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಅವಳಿಗೆ ಕೊಟ್ಟರು. ಆಯಿ ತಣ್ಣೀರಿನ ಕತೆಯನ್ನು ಮೊದಲಿಂದ ಹೇಳಿದಳು. ಸಾಹೇಬರು ನಗು ತಡೆಯಲು ಫೈಲು ಎತ್ತಿ ಮುಖಕ್ಕೆ ಹಿಡಿದುಕೊಂಡರು. ಉಳಿದ ಏಳು ಮನೆಗಳ ವಿಷಯ ನಾನು ಹೇಳುವಾಗ ಫೈಲು ಕೆಳಗೆ ಇಳಿಯಿತು. ಅವರಿಗೂ ಒಂದು ಊರಿತ್ತು, ಅಲ್ಲಿ ಅವರದೂ ಒಂದು ಮನೆಯಲ್ಲಿ ಯಾವಾಗಲೋ ಸಾವಾಗಿರಬೇಕು. ಫೈಲು ಮುಚ್ಚಿ ನನ್ನ ಕಡೆ ತಿರುಗಿದರು.

"ಗಣ್ಯರು ಬಂದ್ರ ನೀರ ಬಿಡಾಕ ನಿಮ್ಮ ಸಾಫ್ಟ್‌ವೇರಿನ್ಯಾಗ ಜಾಗಾ ಐತಿ ಅಲ್ರಿ?"

"ಐತ್ರಿ ಸರ್."

"ಹಂಗಾದ್ರ ತಪ್ಪು ನಿಮ್ಮ ಪಟ್ಟ್ಯಾಗ ಐತಿ. ಐದನೇ ಕಾರಣ ಸೇರಸ್ರಿ. ಇದು ತಾಂತ್ರಿಕ ಲೋಪ ಅಂತ ಬರೀರಿ, ನಾ ಸಹಿ ಮಾಡ್ತೇನಿ. ನೀತಿ-ಗೀತಿ ಅಂತ ಬರದು ಮ್ಯಾಲಿನವರ ಮುಂದ ಒಯ್ಯಬ್ಯಾಡ್ರಿ."

ನನ್ನ ತಪ್ಪನ್ನು ಅಷ್ಟು ಸಂತೋಷದಿಂದ ನಾನು ಎಂದೂ ಬರೆದು ಕೊಟ್ಟಿರಲಿಲ್ಲ. ಆ ಮಧ್ಯಾಹ್ನವೇ ಐದನೆಯ ಸಾಲು ಸೇರಿಸಿದೆ. ಮರಣ ಎಂದು ಟೈಪು ಮಾಡಿ, ಅಳಿಸಿ, ನಮ್ಮ ಮಂದಿ ಅನ್ನುವ ಹಾಗೆ ಮಣ್ಣು ಎಂದು ಹಾಕಿದೆ. ಊರಿನ ವಾಲ್ವ್‌ಮನ್‌ಗಳಿಗೆ ಯಾರೂ ಅದರ ಅರ್ಥ ಹೇಳಿಕೊಡಬೇಕಾಗಲಿಲ್ಲ.

ನಾಲ್ಕು ತಿಂಗಳಿಗೆ ಕಾಕಾ ಶಾಲು, ಕಾಯಿ, ಹಾರದೊಂದಿಗೆ ನಿವೃತ್ತರಾದರು. ಚಾವಿಯನ್ನು ಹೊಸ ವಾಲ್ವ್‌ಮನ್‌ನ ಕೈಗೆ ಕೊಟ್ಟರು. ನನ್ನ ಕೈಗೆ ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟರು. ನಾನು ಆಡಿದ ಮಾತನ್ನು ಅವರು ಎಂದೂ ಎತ್ತಲಿಲ್ಲ. ನನಗೆ ಮಾತ್ರ ಅದು ಈಗಲೂ ನೆನಪಾಗುತ್ತದೆ.

ಮುಂದಿನ ಮಳೆಗಾಲದಲ್ಲಿ ಒಂದು ಮುಂಜಾನೆ ತೆರೆಯ ಮುಂದೆ ಕೂತಿದ್ದೆ. ಮಾಳಮಡ್ಡಿಯ ಒಂದು ಗೆರೆ ಪಾಳಿಯಿಲ್ಲದೆ ಬೆಳಗಿತು. ಯಾವ ಓಣಿ ಎಂದು ನೋಡಿದೆ, ಆಯಿಯದು. ಕಾರಣದ ಜಾಗದಲ್ಲಿ ಐದನೆಯದು ಇತ್ತು. ಯಾರಿಗೂ ಫೋನು ಮಾಡದೆ ಸ್ಕೂಟರ್ ತೆಗೆದೆ.

ಓಣಿಯ ಬಾಯಿಯಲ್ಲಿ ಹೊಸ ವಾಲ್ವ್‌ಮನ್ ಚೇಂಬರಿನ ಮುಚ್ಚಳ ಹಿಡಿದು ನಿಂತಿದ್ದರು. ಚಾವಿ ಇದ್ದದ್ದು ಕಾಕಾನ ಕೈಯಲ್ಲಿ. ಕೆಲಗೇರಿಯಿಂದ ಬಂದಿದ್ದರು.

"ಆಯಿಗೆ ಮಾತು ಕೊಟ್ಟಿದ್ದೆನಲ್ರಿ," ಎಂದರು. ಕಣ್ಣು ಕೆಂಪಾಗಿದ್ದವು. "ಈ ಸಲ ಡಾಕ್ಟರ್ ಬಂದು ಹೇಳೋತನಕ ಕಾದ್ನಿ. ಖರೇ ಹೇಳ್ತೇನಿ, ಬಿಟ್ಟ ಮ್ಯಾಲೂ ಹತ್ತ ನಿಮಿಷ ಇಲ್ಲೇ ನಿಂತೇನಿ. ಒಳಗಿಂದ ಯಾರರ ನಗ್ತಾರೇನಂತ."

ಯಾರೂ ನಗಲಿಲ್ಲ. ಪ್ರತಿ ಮನೆಯ ಮುಂದೆ ನಳ ಸುರಿಯುತ್ತಿತ್ತು, ಹೆಂಗಸರು ಮಾತಿಲ್ಲದೆ ಕೊಡ ತುಂಬುತ್ತಿದ್ದರು. ಆಯಿಯ ಮನೆಯ ಮುಂದೆ ಮೂರು ಕಲ್ಲು ಹೂಡಿ ದೊಡ್ಡ ಹಂಡೆ ಇಟ್ಟಿದ್ದರು. ಸೊಸೆ ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಉರಿ ಹಾಕುತ್ತಿದ್ದಳು. ನನ್ನನ್ನು ಕಂಡು, "ಇನ್ನಷ್ಟು ಕಾಯಬೇಕ್ರಿ. ಬೆಚ್ಚಗ ಇರಲಿಲ್ಲಂದ್ರ ಬೈತಾರ" ಎಂದಳು.

ಬದಿಯಲ್ಲಿ ತುಂಬಿದ ಕೊಡವೊಂದಿತ್ತು. ಅದನ್ನು ಸೊಂಟಕ್ಕೆ ಎತ್ತಿಕೊಂಡು ಹೋಗಿ ಹಂಡೆಗೆ ಸುರಿದೆ. ಮಾತಾಡಲಿಲ್ಲ.